ಎಕ್ಸ್ ಒತ್ತಿದ್ರೂ ಪ್ರೋಗ್ರಾಂ ಸಾಯಲ್ಲ: ಮೈಸೂರು–ಮಂಡ್ಯ ಪೈಥಾನ್ ಕಲಿಯುವವರ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆ ಮೈಸೂರಿನ ಸಾಫ್ಟ್‌ವೇರ್ ಇಂಜಿನಿಯರ್ ಮೇಡಂ ಉತ್ತರ ಕೊಡ್ತಾರೆ. ವಿಷಯ: ಟಿಕಿಂಟರ್‌ನಲ್ಲಿ (ಪೈಥಾನ್‌ನಲ್ಲಿ ವಿಂಡೋ, ಬಟನ್ ಮಾಡೋ ಲೈಬ್ರರಿ) ಎಕ್ಸ್ ಬಟನ್ ಒತ್ತಿ ವಿಂಡೋ ಮುಚ್ಚೋದು.

ವಿದ್ಯಾರ್ಥಿನಿ, ಸರಸ್ವತಿಪುರಂ: ಎಕ್ಸ್ ಒತ್ತಿದಾಗ ‘ಸೇವ್ ಮಾಡಬೇಕೇ’ ಅಂತ ಕೇಳಬೇಕು ಮೇಡಂ. ನಂದು ಪ್ರೋಗ್ರಾಂ ಶುರುವಾದ ತಕ್ಷಣಾನೇ ಕೇಳುತ್ತೆ.

ಇಂಜಿನಿಯರ್: ರೂಟ್ ಅಂದ್ರೆ ಮುಖ್ಯ ವಿಂಡೋ. ಎಕ್ಸ್ ಒತ್ತಿದಾಗ ಏನಾಗ್ಬೇಕು ಅಂತ ಹೇಳೋ ರೂಟ್.ಪ್ರೋಟೋಕಾಲ್‌ಗೆ ‘ಡಬ್ಲ್ಯೂಎಂ_ಡಿಲೀಟ್_ವಿಂಡೋ’ ಜೊತೆ ಫಂಕ್ಷನ್ ಹೆಸರು ಮಾತ್ರ ಕೊಡಿ. ಹೆಸರಿನ ಮುಂದೆ ಬ್ರ್ಯಾಕೆಟ್ ಹಾಕಿರ್ತೀರಿ, ಆ ಸಾಲಿಗೆ ಬಂದ ಕೂಡಲೇ ಫಂಕ್ಷನ್ ಓಡಿಬಿಡುತ್ತೆ.

ಮದ್ದೂರಿನ ಸದಸ್ಯ: ನಂದು ಮುಚ್ತಾನೇ ಇಲ್ಲ.

ಇಂಜಿನಿಯರ್: ಪ್ರೋಟೋಕಾಲ್ ಬರೆದ ಮೇಲೆ ಮುಚ್ಚೋ ಕೆಲಸ ನಿಮ್ಮದು. ಕೊನೆಗೆ ರೂಟ್.ಡಿಸ್ಟ್ರಾಯ್() ಕರೆಯಿರಿ.

ಆಲೆಮನೆ ಹುಡುಗ, ಮಂಡ್ಯ: ಮೇಡಂ, ನಮ್ಮ ಆಲೆಮನೆಗೆ ಬರೋ ಕಬ್ಬಿನ ಗಾಡಿ ತೂಕ ಬರ್ಕೊಳಕ್ಕೆ ಪ್ರೋಗ್ರಾಂ ಮಾಡಿವ್ನಿ. ನಿಮಿಷಕ್ಕೊಂದ್ಸಲ ಇಡೀ ಪಟ್ಟಿನ ಸಿಎಸ್‌ವಿ ಫೈಲ್‌ಗೆ ಬರೆಯೋಕೆ ಒಂದು ಥ್ರೆಡ್ (ಪಕ್ಕದಲ್ಲೇ ಬೇರೆಯಾಗಿ ಓಡೋ ಕೆಲಸ) ಹಾಕಿವ್ನಿ. ನಮ್ಮಪ್ಪ ಊಟಕ್ಕೋಗುವಾಗ ಎಕ್ಸ್ ಒತ್ತಿ, ಬಂದು ಮತ್ತೆ ತೆಗೀತಾರೆ. ಈಗ ಫೈಲ್ ನೋಡುದ್ರೆ ಮಧ್ಯಾಹ್ನದ ಗಾಡಿಗಳು ಒಂದ್ಸಲ ಇರ್ತವೆ, ಇನ್ನೊಂದ್ಸಲ ಇರಲ್ಲ. ರೈತ್ರು ನಮ್ಮ ಮ್ಯಾಲೆ ಅನುಮಾನ ಪಡಂಗಾಗದೆ.

ಇಂಜಿನಿಯರ್: ಕಂಪ್ಯೂಟರ್ ಆಫ್ ಮಾಡ್ಬೇಡಪ್ಪ! ಫೈಲ್ ಮತ್ತೆ ಮತ್ತೆ ತೆಗೆದು ನೋಡು, ಮಧ್ಯಾಹ್ನದ ಗಾಡಿಗಳು ಕಂಡ ಕೂಡಲೇ ಬೇರೆ ಹೆಸರಲ್ಲಿ ಕಾಪಿ ಮಾಡ್ಕೋ. ಆಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಪೈಥಾನ್ ಎಷ್ಟಿವೆ ಎಣಿಸು, ಎಲ್ಲ ಎಂಡ್ ಮಾಡು. ಇದು ಮೊದಲು, ವಿವರಣೆ ಆಮೇಲೆ.

ಸದಸ್ಯ (ಫಾರ್ವರ್ಡ್): ಓಎಸ್._ಎಕ್ಸಿಟ್(0) ಹಾಕಿ, ಯಾವ ಥ್ರೆಡ್ ಇದ್ರೂ ಖಲಾಸ್. 100% ಗ್ಯಾರಂಟಿ 🙏

ಇಂಜಿನಿಯರ್: ಫೈಲ್‌ಗೆ ಇನ್ನೂ ಇಳಿಯದೆ ಬಫರ್‌ನಲ್ಲಿರೋ ಸಾಲುಗಳೂ ಖಲಾಸ್. ಕೊನೆಗೆ ಓಡಲೇಬೇಕಾದ ‘ಫೈನಲಿ’ ಬ್ಲಾಕ್ ಕೂಡ ಓಡಲ್ಲ. ಲೆಕ್ಕ ಕಳ್ಕೊಂಡಿರೋ ಹುಡುಗನಿಗೆ ಇದನ್ನ ಕೊಡ್ಬೇಡಿ. ಈ ಮೆಸೇಜ್ ಗುಂಪಿಗೆ ಬರ್ತಿರೋದು ಮೂರನೇ ಸಲ.

ಕುವೆಂಪುನಗರದ ಸದಸ್ಯ: ಟಿಕಿಂಟರ್ ಬಿಟ್ಟು ಪೈಕ್ಯೂಟಿ ಅನ್ನೋ ಇನ್ನೊಂದು ವಿಂಡೋ ಲೈಬ್ರರಿಗೆ ಬನ್ನಿ. ಅಲ್ಲಿ ಕ್ಲೋಸ್‌ಇವೆಂಟ್ ಇದೆ, ಇವೆಂಟ್.ಇಗ್ನೋರ್() ಅಂದ್ರೆ ವಿಂಡೋ ಮುಚ್ಚೋದೇ ಇಲ್ಲ.

ಶ್ರೀರಂಗಪಟ್ಟಣದ ಸದಸ್ಯ: ಅಲ್ಲೂ ಥ್ರೆಡ್ ತಾನಾಗೇ ನಿಲ್ಲಲ್ಲ ಕಣ್ರೀ. ಪ್ರಶ್ನೆ ಓದಿದ್ರಾ?

ಕುವೆಂಪುನಗರದ ಸದಸ್ಯ: ಓದೇ ಹೇಳಿದ್ದು. ನೀವು ಹಳೇದಕ್ಕೇ ಜೋತುಬಿದ್ರೆ ನಾನೇನ್ ಮಾಡ್ಲಿ?

ಶ್ರೀರಂಗಪಟ್ಟಣದ ಸದಸ್ಯ: ಕಬ್ಬು ಬಂದು ಬಿದ್ದಿರುವಾಗ ಗಾಣ ಬದಲಾಯ್ಸು ಅಂತೀರಲ್ರೀ!

ಹೊಸ ಸದಸ್ಯ: ಲಿನಕ್ಸ್‌ನಲ್ಲೂ ಇದೇ ಹೆಸರು ಬರೀಬೇಕಾ? ಮೈಸೂರಲ್ಲಿ ಯಾವ ಕೋರ್ಸ್ ಒಳ್ಳೇದು?

ಅಡ್ಮಿನ್: ಪೈಕ್ಯೂಟಿ ಜಗಳ ಇಲ್ಲಿಗೆ ಸಾಕು.

ಇಂಜಿನಿಯರ್: ಆಲೆಮನೆ ಹುಡುಗನಿಗೆ. ನಿಮ್ಮಪ್ಪ ಎಕ್ಸ್ ಒತ್ತಿದಾಗ ಹೋಗೋದು ವಿಂಡೋ ಮಾತ್ರ. ಡೀಮನ್ (ಪ್ರೋಗ್ರಾಂ ಮುಗಿದಾಗ ತಾನೂ ನಿಲ್ಲೋ ಥ್ರೆಡ್) ಅಲ್ಲದ ಥ್ರೆಡ್ ಮುಗಿಯೋವರೆಗೂ ಪೈಥಾನ್ ಕಾಯುತ್ತೆ, ನಿನ್ನ ಥ್ರೆಡ್‌ನಲ್ಲಿ ಮುಗಿಯದ ‘ವೈಲ್ ಟ್ರೂ’ ಲೂಪ್ ಇದೆ. ಹಾಗಾಗಿ ಬೆಳಗಿನ ಪ್ರೋಗ್ರಾಂ ಕಣ್ಣಿಗೆ ಕಾಣದೆ ಓಡ್ತಾನೇ ಇರುತ್ತೆ. ಅದರ ಹತ್ತಿರ ಇರೋದು ಬೆಳಗಿನ ಪಟ್ಟಿ ಮಾತ್ರ. ಮಧ್ಯಾಹ್ನದ ಪ್ರೋಗ್ರಾಂ ಬರೆದಿದ್ದರ ಮೇಲೆ ಅದು ನಿಮಿಷಕ್ಕೊಂದ್ಸಲ ತನ್ನ ಹಳೇ ಪಟ್ಟಿ ಬರೀತಿದೆ. ಸಂಜೆ ಯಾವುದು ಕೊನೆಗೆ ಬರೀತೋ ಅದೇ ಉಳಿಯುತ್ತೆ.

ಡೀಮನ್=ಟ್ರೂ ಅಂತ ಈಗ ಯಾರೋ ಬರೀತಾರೆ. ಆಗ ಫೈಲ್ ಬರೆಯುವಾಗಲೇ ಥ್ರೆಡ್ ನಿಂತ್ರೆ ಅರ್ಧ ಫೈಲ್ ಉಳಿಯುತ್ತೆ. ನಿಂಗೆ ಥ್ರೆಡ್ಡೇ ಬೇಡ. ನಿಮಿಷಕ್ಕೊಮ್ಮೆ ಮಾಡೋ ಕೆಲಸಕ್ಕೆ ರೂಟ್.ಆಫ್ಟರ್(60000, ಸೇವ್) ಇದೆ. ಸೇವ್ ಒಳಗೆ ಕೊನೆಗೆ ಮತ್ತೆ ಇದೇ ರೂಟ್.ಆಫ್ಟರ್ ಕರಿ. ಮುಚ್ಚೋ ಫಂಕ್ಷನ್‌ನಲ್ಲಿ ಮೊದಲು ಕೊನೇ ಸೇವ್, ಆಮೇಲೆ ಅದು ಹಾಕಿದ ಆಫ್ಟರ್ ರದ್ದು ಮಾಡೋ ಆಫ್ಟರ್_ಕ್ಯಾನ್ಸಲ್, ಆಮೇಲೆ ಡಿಸ್ಟ್ರಾಯ್. ಈ ಕ್ರಮ ತಪ್ಪಿಸ್ಬೇಡ.

ಇನ್ನೂ ಮುಖ್ಯವಾದದ್ದು: ಕರೆಂಟ್ ಹೋದ್ರೆ ಮುಚ್ಚೋ ಇವೆಂಟೇ ಬರಲ್ಲ. ಟಾಸ್ಕ್ ಮ್ಯಾನೇಜರ್‌ನಿಂದ ಪ್ರೋಸೆಸ್ ಸಾಯಿಸಿದ್ರೂ ಬರಲ್ಲ. ಅದಕ್ಕೆ ಪ್ರತಿ ಗಾಡಿ ತೂಕ ಆದ ಕೂಡಲೇ ಅಪೆಂಡ್ ಮೋಡ್‌ನಲ್ಲಿ (ಹಳೇದನ್ನ ಅಳಿಸದೆ ಕೊನೆಗೆ ಸೇರಿಸೋದು) ಒಂದೊಂದೇ ಸಾಲು ಬರೆದು ಫೈಲ್ ಮುಚ್ಚು. ಇನ್ನೊಬ್ಬರ ದುಡಿಮೆ ಲೆಕ್ಕ ಅದು, ಎಕ್ಸ್ ಬಟನ್ ನಂಬಿ ಇಡಬಾರದು.

ಸದಸ್ಯ: ನಂದೂ ಶುರುವಾದ ತಕ್ಷಣ ಕೇಳುತ್ತೆ ಮೇಡಂ.

ಇಂಜಿನಿಯರ್: ಬ್ರ್ಯಾಕೆಟ್. ಮೇಲೆ ಓದಿ.

ಸದಸ್ಯ: ವಿಂಡೋ ಅಳಿದಾಗ ಮೆಸೇಜ್ ಬರ್ಲಿ ಅಂತ ರೂಟ್‌ಗೆ ‘ಡಿಸ್ಟ್ರಾಯ್’ ಇವೆಂಟ್ ಬೈಂಡ್ ಮಾಡಿದೆ, ಮುಚ್ಚುವಾಗ ಮೆಸೇಜ್ 14 ಸಲ ಬರುತ್ತೆ.

ಇಂಜಿನಿಯರ್: ರೂಟ್‌ಗೆ ಬೈಂಡ್ ಮಾಡಿದ್ದು ಒಳಗಿನ ಪ್ರತಿ ಬಟನ್, ಲೇಬಲ್‌ಗೂ ತಾಗುತ್ತೆ. ಪ್ರೋಟೋಕಾಲ್ ಬಳಸಿ.

ಇನ್ನೊಬ್ಬ ಸದಸ್ಯ: ಡೀಮನ್=ಟ್ರೂ ಹಾಕಿದ್ರೆ ಸಾಕಲ್ವಾ?

ಇಂಜಿನಿಯರ್: ಸಾಕಾಗಲ್ಲ ಅಂತ ಈಗಷ್ಟೇ ಬರೆದೆ. ಓದದೆ ಕೇಳೋರಿಗೆ ಇನ್ನು ಉತ್ತರ ಕೊಡಲ್ಲ. ಆಲೆಮನೆ ಹುಡುಗ ಎಲ್ಲಿ? ಕಾಪಿ ಆಯ್ತಾ?

ಆಲೆಮನೆ ಹುಡುಗ: ಆಯ್ತು ಮೇಡಂ, ಮಧ್ಯಾಹ್ನದ ಗಾಡಿಗಳೆಲ್ಲ ಸಿಕ್ಕವೆ. ಪೈಥಾನ್ ಆರು ಓಡ್ತಿದ್ವು. ಅಪ್ಪಂಗೆ ತೋರಿಸ್ತಾ ಇವ್ನಿ.