ಸಲ್ಫೇಟ್‌ಗೆ ಮೈನಸ್ ಎರಡು ಎಲ್ಲಿಂದ ಬಂತು

ಪುಟ್ಟಿ, ಸಲ್ಫರ್‌ಗೆ ಪ್ಲಸ್ ಆರು ಅಂತಾರೆ, ಮತ್ತೆ ಸಲ್ಫೇಟ್ ವೇಲೆನ್ಸಿ ಎರಡೇ ಯಾಕೆ, ಇದನ್ನೆಲ್ಲ ಬಾಯಿಪಾಠ ಮಾಡ್ಬೇಕಾ ಅಂತ ಬೆಳಿಗ್ಗೆ ಗ್ರೂಪಲ್ಲಿ ಕೇಳಿದ್ಯಲ್ಲ, ಸ್ವಲ್ಪ ಉದ್ದ ಆಗತ್ತೆ, ಆದ್ರೂ ಪೂರ್ತಿ ಓದು.

ಅಯಾನು ಅಂದ್ರೆ ಚಾರ್ಜ್ ಇರೋ ಪರಮಾಣು ಇಲ್ಲಾ ಪರಮಾಣುಗಳ ಗುಂಪು, ಸಲ್ಫೇಟ್ ಅಂಥ ಒಂದು ಗುಂಪು. ಅದರ ಹೆಸ್ರು ಗೊತ್ತಿದ್ರೆ ಸಾಕು, ಅದರ ಆಸಿಡ್ ಹಿಡ್ಕೊ. ಸಲ್ಫ್ಯೂರಿಕ್ ಆಸಿಡ್ ಅಂದ್ರೆ ಎಚ್ ಟೂ ಎಸ್ ಓ ಫೋರ್, ಎರಡು ಹೈಡ್ರೋಜನ್. ಈ ಹೈಡ್ರೋಜನ್ ಬಿಟ್ಟು ಹೋಗುವಾಗ ಎಚ್ ಪ್ಲಸ್ ಆಗಿ ಹೋಗತ್ತೆ, ಅಂದ್ರೆ ತನ್ನ ಎಲೆಕ್ಟ್ರಾನನ್ನ ಅಲ್ಲೇ ಬಿಟ್ಟು ಹೋಗತ್ತೆ, ಎರಡು ಹೋದ್ರೆ ಎರಡು ಎಲೆಕ್ಟ್ರಾನ್ ಉಳೀತು, ಅದೇ ಆ ಮೈನಸ್ ಎರಡು. ನೈಟ್ರಿಕ್‌ನಲ್ಲಿ ಒಂದೇ ಹೈಡ್ರೋಜನ್, ನೈಟ್ರೇಟ್ ಮೈನಸ್ ಒಂದು. ಫಾಸ್ಫಾರಿಕ್‌ನಲ್ಲಿ ಮೂರು, ಫಾಸ್ಫೇಟ್ ಮೈನಸ್ ಮೂರು. ಅಮೋನಿಯಂ ಮಾತ್ರ ಉಲ್ಟಾ, ಅಮೋನಿಯಾಗೆ ಒಂದು ಎಚ್ ಪ್ಲಸ್ ಬಂದು ಸೇರ್ಕೊಳ್ಳತ್ತೆ, ಅದಕ್ಕೆ ಪ್ಲಸ್ ಒಂದು. ವೇಲೆನ್ಸಿ ಬರೆಯೋವಾಗ ಪ್ಲಸ್ ಮೈನಸ್ ಬಿಟ್ಟು ಬರೀ ಅಂಕಿ.

ನೀನು ಹೇಳಿದ ಪ್ಲಸ್ ಆರೂ ಸರಿನೇ, ಆದ್ರೆ ಅದು ಸಲ್ಫರ್ ಒಂದರ ಲೆಕ್ಕ. ಒಂದೊಂದು ಆಕ್ಸಿಜನ್‌ಗೆ ಮೈನಸ್ ಎರಡು, ನಾಲ್ಕು ಆಕ್ಸಿಜನ್‌ದು ಸೇರಿ ಮೈನಸ್ ಎಂಟು, ಆರರಲ್ಲಿ ಎಂಟು ಕಳೆದ್ರೆ ಮತ್ತೆ ಮೈನಸ್ ಎರಡೇ. ಸಲ್ಫೈಟ್‌ನಲ್ಲಿ ಆಕ್ಸಿಜನ್ ಮೂರೇ, ಆದ್ರೂ ಮೈನಸ್ ಎರಡೇ, ಯಾಕಂದ್ರೆ ಅಲ್ಲಿ ಸಲ್ಫರ್ ಪ್ಲಸ್ ನಾಲ್ಕು, ಇದ್ರಲ್ಲಿ ತುಂಬಾ ಮಕ್ಳು ಎಡವ್ತಾರೆ.

ನಮ್ಮ ತೋಟದಲ್ಲೇ ನೋಡು, ಅಡಿಕೆಗೆ ಕೊಳೆ ರೋಗ ಬರ್ಬಾರ್ದು ಅಂತ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೀತಾರಲ್ಲ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತ ಅಂದ್ರೆ ಕಾಪರ್ ಸಲ್ಫೇಟ್, ಕಾಪರ್ ಪ್ಲಸ್ ಎರಡು ಸಲ್ಫೇಟ್ ಮೈನಸ್ ಎರಡು, ಒಂದಕ್ಕೆ ಒಂದು ಸರಿಹೋಯ್ತು. ನೀರಲ್ಲಿ ಕಲಸಿದ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಕ್ಯಾಲ್ಸಿಯಂ ಪ್ಲಸ್ ಎರಡು, ಹೈಡ್ರಾಕ್ಸೈಡ್ ಮೈನಸ್ ಒಂದೇ, ಅದಕ್ಕೆ ಎರಡು ಹೈಡ್ರಾಕ್ಸೈಡ್ ಬೇಕು. ಎರಡನ್ನೂ ಬೆರೆಸಿದಾಗ ಸಲ್ಫೇಟ್ ಒಡೆದು ಸಲ್ಫರ್ ಬೇರೆ ಆಕ್ಸಿಜನ್ ಬೇರೆ ಆಗಲ್ಲ ಪುಟ್ಟಿ, ಇಡೀ ಗುಂಪೇ ಕ್ಯಾಲ್ಸಿಯಂ ಕಡೆ ಹೋಗತ್ತೆ, ಕಾಪರ್‌ಗೆ ಹೈಡ್ರಾಕ್ಸೈಡ್ ಸಿಗತ್ತೆ, ತಿಳಿನೀಲಿ ಬಣ್ಣದಲ್ಲಿ ಕಾಣೋದು ಅದೇ. ಅದಕ್ಕೇ ನಾವು ಗುಂಪಿನ ಚಾರ್ಜ್ ನೋಡೋದು, ಒಂದಕ್ಕಿಂತ ಜಾಸ್ತಿ ಗುಂಪು ಬಂದ್ರೆ ಬ್ರಾಕೆಟ್ ಹಾಕೋದೂ ಅದಕ್ಕೇ. ಅಲ್ಯುಮಿನಿಯಂ ಸಲ್ಫೇಟ್‌ನಲ್ಲಿ ಅಲ್ಯುಮಿನಿಯಂನ ಪ್ಲಸ್ ಮೂರಕ್ಕೂ ಸಲ್ಫೇಟ್‌ನ ಮೈನಸ್ ಎರಡಕ್ಕೂ ಹೊಂದ್ಬೇಕು ಅಂದ್ರೆ ಎರಡು ಅಲ್ಯುಮಿನಿಯಂ, ಬ್ರಾಕೆಟ್ ಒಳಗೆ ಸಲ್ಫೇಟ್, ಹೊರಗೆ ಮೂರು.

ಈಗ ಕ್ಯಾಲ್ಸಿಯಂ ಫಾಸ್ಫೇಟ್ ನೀನೇ ಬರೆದು ಫೋಟೋ ಹಾಕು, ರಾತ್ರಿ ನೋಡ್ತೀನಿ.