ದೊಡ್ಡ ನಗರಕ್ಕೆ ಹೊರಟಿದ್ದೇವೆ: ಶಾಲೆ ಮೊದಲು ನೋಡಬೇಕಾ, ಮನೆ ಮೊದಲು ನೋಡಬೇಕಾ?

ಇಬ್ಬರು ಮಕ್ಕಳ ಅಪ್ಪ

ಎಲ್ಲರಿಗೂ ನಮಸ್ಕಾರ. ಇನ್ನು ನಾಲ್ಕು ತಿಂಗಳಿಗೆ ನಾವು ಸಣ್ಣ ಊರು ಬಿಟ್ಟು ಒಂದು ಮಹಾನಗರಕ್ಕೆ ಹೋಗುತ್ತಿದ್ದೇವೆ. ದೇಶವೂ ಬೇರೆ, ಭಾಷೆಯೂ ಬೇರೆ. ಕೆಲಸ ಗಟ್ಟಿಯಾಗಿದೆ, ಕನಿಷ್ಠ ಆರೇಳು ವರ್ಷ ಅಲ್ಲೇ ಇರುತ್ತೇವೆ. ಮಗಳಿಗೆ 15 ವರ್ಷ. ಕೇಂಬ್ರಿಡ್ಜ್ ಐಜಿಸಿಎಸ್‌ಇ ಮೊದಲ ವರ್ಷ ಮುಗಿಯುತ್ತಾ ಬಂದಿದೆ, ಇನ್ನೊಂದು ವರ್ಷ ಬಾಕಿ (ಹತ್ತನೇ ತರಗತಿ ಮಟ್ಟದ, ಎರಡು ವರ್ಷದ ಕೋರ್ಸು ಅದು). ಮಗನಿಗೆ 8.

ಮೂರು ವಾರದಿಂದ ರಾತ್ರಿ ಹೊತ್ತು ಕೂತು ಶಾಲೆಗಳ ಪಟ್ಟಿ ಮಾಡುತ್ತಿದ್ದೇನೆ, 26 ಆಗಿದೆ. ರ‍್ಯಾಂಕಿಂಗ್, ಫಲಿತಾಂಶ, ಪೋಷಕರ ಅಭಿಪ್ರಾಯ ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಗೆ ಹಾಕಿದ್ದೇನೆ, ಆದರೂ ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಅಂತ ಗೊತ್ತಾಗುತ್ತಿಲ್ಲ. ನನ್ನ ಹೆಂಡತಿ, ಮೊದಲು ಒಂದು ಒಳ್ಳೆ ಮನೆ ಹಿಡಿಯೋಣ, ಶಾಲೆ ಆಮೇಲೆ ಸಿಗುತ್ತೆ ಅನ್ನುತ್ತಾಳೆ. ನನಗೆ ಶಾಲೆ ಮೊದಲು ಅನ್ನಿಸುತ್ತೆ. ಮಗಳನ್ನು ಕೋರ್ಸಿನ ನಡುವೆ ಎಬ್ಬಿಸಬಹುದಾ? ಮಗನನ್ನು ಅಲ್ಲಿನ ಭಾಷೆಯ ಶಾಲೆಗೆ ಹಾಕೋದಾ, ಇಂಗ್ಲಿಷ್ ಶಾಲೆಗೆ ಹಾಕೋದಾ? ಕಾಲೇಜಿನ ವಿಚಾರ ಈಗಲೇ ತಲೆಗೆ ಹಚ್ಚಿಕೊಳ್ಳಬೇಕಾ?

ನಿನ್ನೆ ಊಟ ಮಾಡುವಾಗ ಮಗಳು "ನನ್ನ ಯಾರಾದ್ರೂ ಕೇಳಿದ್ರಾ?" ಅಂದಳು. ಅಷ್ಟೇ ಹೇಳಿ ಎದ್ದು ಹೋದಳು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೂರು ನಗರ ನೋಡಿದ ಅಮ್ಮ

ಶಾಲೆ ಮೊದಲು. ನಾವು ಉಲ್ಟಾ ಮಾಡಿ ಪಾಠ ಕಲಿತವರು.

ನಮ್ಮದು ಮೂರನೇ ನಗರ ಇದು. ಎರಡನೆಯದರಲ್ಲಿ ಮನೆ ಮೊದಲು ಹಿಡಿದೆವು, ಗಾಳಿ ಬೆಳಕು ಚೆನ್ನಾಗಿತ್ತು, ಶಾಲೆ 14 ಕಿಲೋಮೀಟರ್ ದೂರ. ಭಾನುವಾರ ಕಾರಲ್ಲಿ ಹೋಗಿ ನೋಡಿದೆವು, 25 ನಿಮಿಷ. ಆಯ್ತು, ಪರವಾಗಿಲ್ಲ ಅಂದುಕೊಂಡೆವು. ಶಾಲೆ ಶುರುವಾದ ಮೇಲೆ ಗೊತ್ತಾಯಿತು, ವಾರದ ದಿನ ಬೆಳಿಗ್ಗೆ ಅದೇ ದಾರಿ, ಬಸ್ಸು ಮಕ್ಕಳನ್ನು ಹತ್ತಿಸಿಕೊಳ್ಳುತ್ತಾ ಸುತ್ತಿಕೊಂಡು ಹೋಗುವುದೂ ಸೇರಿ, ಒಂದು ಗಂಟೆ ಹತ್ತು ನಿಮಿಷ. ಮಗನಿಗೆ ಆಗ 11. ಐದೂಕಾಲಿಗೆ ಎಬ್ಬಿಸುತ್ತಿದ್ದೆ. ಒಂದು ಸಂಜೆ ಬಾಗಿಲ ಹತ್ತಿರ ನೋಡಿದರೆ, ಒಂದು ಶೂ ಬಿಚ್ಚಿದ್ದಾನೆ, ಇನ್ನೊಂದರ ಲೇಸು ಇನ್ನೂ ಬೆರಳಲ್ಲೇ ಇದೆ, ಗೋಡೆಗೆ ಒರಗಿ ನಿದ್ದೆ ಹೋಗಿದ್ದಾನೆ. ಬೆನ್ನಿನ ಬ್ಯಾಗು ಕೂಡ ತೆಗೆದಿರಲಿಲ್ಲ.

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾ ವೈದ್ಯರ ಅಮೆರಿಕನ್ ಅಕಾಡೆಮಿ 2016ರಲ್ಲಿ ಹೇಳಿದೆ. ಐದೂಕಾಲಿಗೆ ಏಳುವ ಮಗು 9 ಗಂಟೆ ಮಲಗಬೇಕು ಅಂದ್ರೆ ರಾತ್ರಿ ಎಂಟೂಕಾಲಿಗೆ ನಿದ್ದೆ ಹತ್ತಿರಬೇಕು. ಸಂಜೆ ಐದಕ್ಕೆ ಮನೆಗೆ ಬಂದು, ಹೋಮ್‌ವರ್ಕ್ ಮಾಡಿ, ಆಡಿ, ಊಟ ಮಾಡಿ ಎಂಟೂಕಾಲಿಗೆ ಮಲಗೋಕೆ ಆಗುತ್ತಾ? ನಮ್ಮ ಮನೆಯಲ್ಲಿ ಒಂದು ದಿನವೂ ಆಗಲಿಲ್ಲ. ನಿಮ್ಮ ಮಗಳ ವಯಸ್ಸಿನವರಿಗೆ ಇದು ಇನ್ನೂ ಕಷ್ಟ. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗುತ್ತೆ, ಬೇಗ ಮಲಗು ಅಂದ್ರೂ ನಿದ್ದೆ ಬರೋದಿಲ್ಲ, ಅದು ಸೋಮಾರಿತನ ಅಲ್ಲ. ಹಾಗಾಗಿಯೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಮಾಧ್ಯಮಿಕ, ಪ್ರೌಢಶಾಲೆಗಳು ಬೆಳಿಗ್ಗೆ 8:30ಕ್ಕಿಂತ ಮೊದಲು ಶುರುವಾಗಬಾರದು ಅಂದಿದ್ದು.

ನಿಮ್ಮ 26ರ ಪಟ್ಟಿಯಲ್ಲಿ ರ‍್ಯಾಂಕಿಂಗ್ ಕಾಲಂ ಪಕ್ಕದಲ್ಲೇ "ಎಷ್ಟು ಗಂಟೆಗೆ ಏಳಬೇಕು" ಅಂತ ಒಂದು ಕಾಲಂ ಹಾಕಿ. ಅರ್ಧ ಪಟ್ಟಿ ಅಲ್ಲೇ ಹೋಗುತ್ತೆ.

ಒಂದು ಎಚ್ಚರಿಕೆ. ಸರ್ಕಾರಿ ಶಾಲೆ ಅಂದುಕೊಂಡಿದ್ದರೆ ಎಷ್ಟೋ ನಗರಗಳಲ್ಲಿ ವಿಳಾಸ ನೋಡಿಯೇ ಸೀಟು ಕೊಡುತ್ತಾರೆ. ಇಂಗ್ಲೆಂಡಿನ ಬಹಳಷ್ಟು ಶಾಲೆಗಳಲ್ಲಿ ಅರ್ಜಿ ಜಾಸ್ತಿ ಬಂದಾಗ ಮನೆಯಿಂದ ಶಾಲೆಗೆ ಎಷ್ಟು ದೂರ ಅಂತ ಅಳೆಯುತ್ತಾರೆ. ಅಂಥ ಕಡೆ ಶಾಲೆ ಆರಿಸುವುದು, ಮನೆ ಹುಡುಕುವುದು ಎರಡೂ ಒಂದೇ ಕೆಲಸ. ಬೀದಿಯ ಹೆಸರು, ಮನೆ ನಂಬರ್ ಕೊಟ್ಟು ಸ್ಥಳೀಯ ಶಿಕ್ಷಣ ಕಚೇರಿಯಲ್ಲಿ ಬರಹದಲ್ಲಿ ಕೇಳಿಕೊಳ್ಳಿ. ಮನೆ ತೋರಿಸುವ ದಲ್ಲಾಳಿ ಹೇಳಿದ್ದನ್ನು ನಂಬಬೇಡಿ.

ನಿವೃತ್ತ ಮೇಷ್ಟ್ರು

ಅಮ್ಮನವರು ಹೇಳಿದ್ದು ಸರಿ. ನಾನು ಮಗಳ ವಿಷಯ ಮಾತ್ರ ಹೇಳುತ್ತೇನೆ, ಯಾಕಂದ್ರೆ ಆತುರ ಇರುವುದು ಅಲ್ಲೇ.

ಐಜಿಸಿಎಸ್‌ಇ ಇರುವ ಶಾಲೆ ಸಿಕ್ಕಿತು, ಮುಗಿಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಪರೀಕ್ಷೆ ನಡೆಸುವ ಬೋರ್ಡುಗಳಲ್ಲಿ ಕೇಂಬ್ರಿಡ್ಜ್ ಬೇರೆ, ಪಿಯರ್ಸನ್ ಎಡೆಕ್ಸೆಲ್ ಬೇರೆ, ಎರಡಕ್ಕೂ ಸಿಲೆಬಸ್ ಬೇರೆ, ಪ್ರಶ್ನೆಪತ್ರಿಕೆ ಬೇರೆ. ಒಂದೇ ಬೋರ್ಡ್ ಆದರೂ ಪ್ರತಿ ವಿಷಯಕ್ಕೂ ಒಂದು ಸಿಲೆಬಸ್ ಕೋಡ್ ಇರುತ್ತೆ, ಆಯ್ಕೆಯ ಭಾಗಗಳೂ ಇರುತ್ತವೆ. ನನ್ನ ತರಗತಿಗೆ ಒಮ್ಮೆ ಎರಡನೇ ವರ್ಷದ ಶುರುವಿನಲ್ಲಿ ಒಬ್ಬ ಹುಡುಗಿ ಬಂದಳು. ಬೋರ್ಡ್ ಅದೇ, ವಿಷಯವೂ ಅದೇ, ಇಂಗ್ಲಿಷ್ ಸಾಹಿತ್ಯ. ಅವಳು ಹಿಂದಿನ ಶಾಲೆಯಲ್ಲಿ ವರ್ಷವಿಡೀ ಓದಿದ್ದ ಕಾದಂಬರಿ ಒಂದು, ನಾವು ಇಲ್ಲಿ ಓದಿಸುತ್ತಿದ್ದದ್ದು ಇನ್ನೊಂದು. ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಬರೆದಿದ್ದ ಆ ಪುಸ್ತಕವನ್ನು ಅವಳು ನನ್ನ ಮೇಜಿನ ಮೇಲಿಟ್ಟು "ಇದು ಬೇಡ್ವಾ ಸರ್?" ಅಂತ ಕೇಳಿದ್ದು ಇವತ್ತಿಗೂ ನೆನಪಿದೆ. ಪಾಪ, ಮತ್ತೆ ಮೊದಲಿನಿಂದ ಓದಿದಳು.

ಹಾಗಾಗಿ ಮೂರೇ ದಾರಿ. ಒಂದು, ಈಗಿನ ಶಾಲೆಯಿಂದ ವಿಷಯವಾರು ಕೋಡ್, ಮುಗಿದ ಪಾಠ, ಓದಿಸಿದ ಪುಸ್ತಕ ಎಲ್ಲ ಬರೆಸಿಕೊಂಡು, ಅದಕ್ಕೆ ಹೊಂದುವ ಶಾಲೆ ಹುಡುಕುವುದು. ಆರೇಳು ವಿಷಯದಲ್ಲಿ ಐದು ಹೊಂದಿದರೂ ದಡ ಸೇರಬಹುದು. ಎರಡು, ಅವಳು ಒಂದು ವರ್ಷ ಇಲ್ಲೇ ಹತ್ತಿರದವರ ಮನೆಯಲ್ಲಿದ್ದು ಪರೀಕ್ಷೆ ಮುಗಿಸಿ ಬರುವುದು. ಮೂರು, ಅಲ್ಲಿ ಹೋಗಿ ಆ ಎರಡು ವರ್ಷದ ಕೋರ್ಸನ್ನು ಮೊದಲಿನಿಂದ ಮಾಡುವುದು. ನನ್ನ ಆಯ್ಕೆ ಕೇಳಿದರೆ ಎರಡನೆಯದು. ಮುಂದೆ 16ಕ್ಕೆ, ಪಿಯುಸಿ ಮಟ್ಟದ ಕೋರ್ಸುಗಳಾದ ಐಬಿ ಡಿಪ್ಲೊಮಾ ಅಥವಾ ಎ ಲೆವೆಲ್‌ಗೆ ಎಲ್ಲರ ಜೊತೆ ಹೊಸದಾಗಿ ಸೇರಬಹುದು. ಎಲ್ಲರೂ ಹೊಸಬರಾಗಿರುವ ತರಗತಿಗೆ ಹೋಗುವುದು ಮಕ್ಕಳಿಗೆ ಬಹಳ ಸುಲಭ.

ಆದರೆ ಐಬಿ ಡಿಪ್ಲೊಮಾ ಶುರುವಾದ ಮೇಲೆ ಮಾತ್ರ ಶಾಲೆ ಬದಲಿಸಬೇಡಿ. ಎರಡು ವರ್ಷ, 6 ವಿಷಯ, ಜೊತೆಗೆ 4,000 ಪದದವರೆಗಿನ ಒಂದು ದೊಡ್ಡ ಪ್ರಬಂಧ. ಎರಡನೇ ಶಾಲೆಯಲ್ಲಿ ಅದೇ ಆರು ವಿಷಯ ಅದೇ ಮಟ್ಟದಲ್ಲಿ ಸಿಗುವುದು ಅಪರೂಪ.

ಹಾಸ್ಟೆಲಿನಲ್ಲಿ ಬೆಳೆದವಳು

ಮೇಷ್ಟ್ರೇ, ಕ್ಷಮಿಸಿ, ಎರಡನೇ ದಾರಿ ಅಷ್ಟು ಸುಲಭವಾಗಿ ಹೇಳಬೇಡಿ. ನನ್ನನ್ನು ಹೀಗೇ ಒಂದು ವರ್ಷ ಬಿಟ್ಟು ಹೋಗಿದ್ದರು. ಅಂಕ ಚೆನ್ನಾಗಿಯೇ ಬಂತು. ಆದರೆ ಅಪ್ಪ ಅಮ್ಮ, ತಮ್ಮ ಎಲ್ಲ ಹೊಸ ಊರಿನಲ್ಲಿ ಒಟ್ಟಿಗೆ ತಡಕಾಡಿ ಒಟ್ಟಿಗೆ ಕಲಿತರು, ನಾನು ಹೋಗುವ ಹೊತ್ತಿಗೆ ಅದು ಅವರ ಮನೆ ಆಗಿತ್ತು, ನಾನು ನೆಂಟಳ ಥರ ಇದ್ದೆ. ಯಾವ ಡ್ರಾಯರಿನಲ್ಲಿ ಚಮಚ ಇದೆ ಅಂತ ತಮ್ಮನನ್ನು ಕೇಳಬೇಕಿತ್ತು.

ಬಿಡಲೇಬಾರದು ಅಂತ ಹೇಳುತ್ತಿಲ್ಲ. ಅವಳನ್ನು ಕೇಳಿ ತೀರ್ಮಾನ ಮಾಡಿ. ಸುಮ್ನೆ ಕೇಳಿದ ಶಾಸ್ತ್ರ ಮಾಡಬೇಡಿ, ಮೂರೂ ದಾರಿಯ ಕಷ್ಟ ಸುಖ ಅವಳ ಮುಂದಿಟ್ಟು ಒಂದು ವಾರ ಸಮಯ ಕೊಡಿ.

ಒಂಬತ್ತಕ್ಕೆ ಭಾಷೆ ಬದಲಿಸಿದವನು

ಮಗನ ಬಗ್ಗೆ ನಾನು ಹೇಳಬಲ್ಲೆ, ನನಗೆ 9 ವರ್ಷ ಇದ್ದಾಗ ಹೊಸ ಭಾಷೆಯ ಶಾಲೆಗೆ ಹಾಕಿದ್ದರು. ಆರೇಳು ವರ್ಷ ಇರುತ್ತೀರಿ ಅಂದ್ರೆ ಅಲ್ಲಿನ ಶಾಲೆಗೇ ಹಾಕಿ. ಬೀದಿಯ ಗೆಳೆಯರು, ಅಂಗಡಿ, ಆಟ ಎಲ್ಲ ಅವನದಾಗುತ್ತೆ. ಎರಡೇ ವರ್ಷ ಇದ್ದು ಬರುವುದಾಗಿದ್ದರೆ ಬೇಡ ಅನ್ನುತ್ತಿದ್ದೆ.

ಮೊದಲ ಕೆಲವು ತಿಂಗಳು ಅವನು ತರಗತಿಯಲ್ಲಿ ಬಾಯಿ ಬಿಡದೇ ಇರಬಹುದು. ಗಾಬರಿ ಬೇಡ, ಕೇಳಿಸಿಕೊಳ್ಳುತ್ತಿರುತ್ತಾನೆ. ನಿಜವಾದ ಅಪಾಯ ಆಮೇಲಿನದು. ನಾನು ಎಂಟು ತಿಂಗಳಿಗೆ ಮೈದಾನದಲ್ಲಿ ಎಲ್ಲರ ಥರ ಮಾತಾಡುತ್ತಿದ್ದೆ. ಎಲ್ಲರಿಗೂ ಖುಷಿ, ಭಾಷೆ ಬಂತಲ್ಲ ಅಂತ, ಶಾಲೆಯವರು ಭಾಷೆಯ ವಿಶೇಷ ತರಗತಿ ನಿಲ್ಲಿಸಿಬಿಟ್ಟರು. ಆದರೆ ಗಣಿತದ ಪರೀಕ್ಷೆಯಲ್ಲಿ ಲೆಕ್ಕ ಬರುತ್ತಿತ್ತು, ಪ್ರಶ್ನೆ ಅರ್ಥವಾಗುತ್ತಿರಲಿಲ್ಲ. ಅಂದಾಜು ಮಾಡಿ, ಹೋಲಿಸಿ, ಕಾರಣ ಕೊಡಿ ಅನ್ನುವ ಪದಗಳನ್ನು ಮೈದಾನದಲ್ಲಿ ಯಾರೂ ಬಳಸೋದಿಲ್ಲ ಅಲ್ವಾ? ಹುಡುಗ ಮಂದ ಅಂತ ಎರಡು ವರ್ಷ ಅಂದುಕೊಂಡಿದ್ದರು.

ಆಮೇಲೆ ಓದಿ ತಿಳಿದುಕೊಂಡೆ. ಕೆನಡಾದ ಜಿಮ್ ಕಮಿನ್ಸ್ ಅನ್ನುವ ವಿದ್ವಾಂಸರು ಇದನ್ನೇ ವಿವರಿಸಿದ್ದಾರೆ: ಮಾತಿನ ಭಾಷೆ ಸುಮಾರು 2 ವರ್ಷದಲ್ಲಿ ಬರುತ್ತೆ, ಪಾಠದ ಭಾಷೆಯಲ್ಲಿ ಅಲ್ಲಿನ ಮಕ್ಕಳ ಸಮಕ್ಕೆ ಬರೋಕೆ 5ರಿಂದ 7 ವರ್ಷ ಬೇಕಾಗಬಹುದು. ಅದಕ್ಕೇ ಶಾಲೆ ನೋಡಲು ಹೋದಾಗ "ಭಾಷೆಯ ಸಹಾಯ ಕೊಡ್ತೀರಾ" ಅಂತ ಕೇಳಿ ಬರಬೇಡಿ, ಎಲ್ಲರೂ ಹೌದು ಅಂತಾರೆ. ವಾರಕ್ಕೆ ಎಷ್ಟು ಗಂಟೆ, ಯಾರು ಕಲಿಸುತ್ತಾರೆ, ಯಾವಾಗ ನಿಲ್ಲಿಸುತ್ತೀರಿ, ಏನು ನೋಡಿ ನಿಲ್ಲಿಸುತ್ತೀರಿ ಅಂತ ಕೇಳಿ.

ಮತ್ತೆ, ಮನೆಯಲ್ಲಿ ಕನ್ನಡ ಬಿಡಬೇಡಿ. ಟೀಚರ್ ಹೇಳಿದರೂ ಬಿಡಬೇಡಿ. ಒಂದು ಭಾಷೆಯಲ್ಲಿ ಕಾರಣ ಕೊಡೋಕೆ ಕಲಿತ ಮಗು ಇನ್ನೊಂದರಲ್ಲಿ ಪದ ಕಲಿತರೆ ಸಾಕು.

ಪ್ರವೇಶ ವಿಭಾಗದಲ್ಲಿ ಕೆಲಸ ಮಾಡಿದವಳು

ಕಾಲೇಜಿನ ವಿಚಾರ ಈಗಲೇ ನೋಡಿ, ಹೌದು. ಎಷ್ಟು ವರ್ಷ ಅಲ್ಲಿ ವಾಸವಿದ್ದೀರಿ ಅನ್ನುವುದರ ಮೇಲೆ ಶುಲ್ಕ ಬದಲಾಗುವ ದೇಶಗಳಿವೆ. ಅಮೆರಿಕದ ಬಹಳಷ್ಟು ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ 12 ತಿಂಗಳ ವಾಸ ಕೇಳುತ್ತವೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಕೋರ್ಸಿಗೆ ಮುಂಚಿನ 3 ವರ್ಷ ನೋಡುತ್ತಾರೆ. ಎರಡೂ ಕಡೆ ವೀಸಾ ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತೆ. ನಿಮ್ಮ ಮಗಳು 18ಕ್ಕೆ ಸೇರುವುದಾದರೆ ಮೂರು ವರ್ಷ ಇದೆ, ಅವಳು ಒಂದು ವರ್ಷ ಹಿಂದೆ ಉಳಿದರೆ ಈ ಲೆಕ್ಕ ತಪ್ಪಬಹುದು. ಮೇಷ್ಟ್ರ ಎರಡನೇ ದಾರಿ ಹಿಡಿಯುವ ಮೊದಲು ಇದನ್ನು ವಿಚಾರಿಸಿ.

ಇನ್ನೊಂದು, ಮಗನ ತರಗತಿ. ಇಂಗ್ಲೆಂಡಿನಲ್ಲಿ ಆಗಸ್ಟ್ 31ರ ತನಕ ಹುಟ್ಟಿದವರು ಒಂದು ಬ್ಯಾಚ್, ಜಪಾನಿನಲ್ಲಿ ಏಪ್ರಿಲ್ 1ರ ತನಕ. ಜಪಾನಿನಲ್ಲಿ ಶಾಲೆ ಶುರುವಾಗುವುದು ಏಪ್ರಿಲ್, ಆಸ್ಟ್ರೇಲಿಯಾದಲ್ಲಿ ಜನವರಿ ಕೊನೆಯ ಹೊತ್ತಿಗೆ. ಹುಟ್ಟಿದ ತಾರೀಖಿನ ಮೇಲೆ ಅವನು ಅರ್ಧ ವರ್ಷ ಹಿಂದೆ ಅಥವಾ ಮುಂದೆ ಹೋಗಬಹುದು. ಆಯ್ಕೆ ಕೊಟ್ಟರೆ ಹಿಂದಿನದೇ ತೆಗೆದುಕೊಳ್ಳಿ, ಹೊಸ ಭಾಷೆ ಬೇರೆ ಇದೆಯಲ್ಲ.

ಕಾಗದ: ಹುಟ್ಟಿದ ಪ್ರಮಾಣಪತ್ರ, ಲಸಿಕೆ ದಾಖಲೆ, ಟಿಸಿ, ಹಿಂದಿನ ಎರಡು ಮೂರು ವರ್ಷದ ಅಂಕಪಟ್ಟಿ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶ ಆದರೆ ಅಪೋಸ್ಟಿಲ್ ಮುದ್ರೆ (ಕಾಗದದ ಮೇಲಿನ ಸಹಿ, ಸೀಲು ಅಸಲಿ ಅಂತ ನಮ್ಮ ಸರ್ಕಾರ ಹಾಕುವ ಗುರುತು) ಸಾಕು. ಹೊರಡುವ ಮೊದಲೇ ಹಾಕಿಸಿಕೊಳ್ಳಿ, ಅಲ್ಲಿ ಹೋದ ಮೇಲೆ ಇಲ್ಲಿನ ಕಚೇರಿ ಹಿಂದೆ ಬೀಳುವುದು ತುಂಬಾ ಕಷ್ಟ.

ಇಬ್ಬರು ಮಕ್ಕಳ ಅಪ್ಪ

ಎಲ್ಲರಿಗೂ ಮನಸಾರೆ ಧನ್ಯವಾದ. ಈ ಥ್ರೆಡ್ಡನ್ನು ಮಗಳಿಗೇ ಓದಲು ಕೊಟ್ಟೆ. ಅವಳು ಹಾಳೆ ತೆಗೆದು ರ‍್ಯಾಂಕಿಂಗ್ ಕಾಲಂ ಅಳಿಸಿದಳು, ಏಳುವ ಸಮಯದ ಕಾಲಂ ಹಾಕಿದಳು, ಸಿಲೆಬಸ್ ಕೋಡಿಗೆ ಇನ್ನೊಂದು ಹಾಕಿದಳು. 26 ಇದ್ದದ್ದು 5ಕ್ಕೆ ಬಂತು. ಹಿಂದೆ ಉಳಿಯುವುದು ಅವಳಿಗೆ ಇಷ್ಟವಿಲ್ಲ, ಐದರಲ್ಲಿ ಎರಡು ಶಾಲೆ ಹೊಂದುವ ಹಾಗಿದೆ, ಇಬ್ಬರೂ ಕೂತು ಮೇಲ್ ಬರೆದಿದ್ದೇವೆ. ಮುಂದಿನ ತಿಂಗಳು ನಾನು, ಮಗಳು ಹೋಗಿ ವಾರದ ದಿನವೇ ಬೆಳಿಗ್ಗೆ ಆ ದಾರಿಯಲ್ಲಿ ಹೋಗಿ ನೋಡುತ್ತೇವೆ. ಅಕ್ಕ, ಶಾಲೆ ಹತ್ತಿರ ಹೋದಾಗ ಇನ್ನೇನು ನೋಡಬೇಕು?

ಮೂರು ನಗರ ನೋಡಿದ ಅಮ್ಮ

ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಎದುರು ಅರ್ಧ ಗಂಟೆ ನಿಂತುಕೊಳ್ಳಿ. ಮಕ್ಕಳು ಮಾತಾಡುತ್ತಾ ಬರುತ್ತಾರಾ, ಒಬ್ಬೊಬ್ಬರೇ ಬರುತ್ತಾರಾ ನೋಡಿ. ಹೊಸಬರ ಥರ ಕಾಣುವ ಮಗುವಿನ ಪಕ್ಕ ಯಾರಾದರೂ ಇದ್ದಾರಾ ನೋಡಿ. ಮಗಳಿಗೆ ಏನನ್ನಿಸಿತು ಅಂತ ಅಲ್ಲೇ ಕೇಳಬೇಡಿ, ವಾಪಸ್ ಬರುವಾಗ ಬಸ್ಸಿನಲ್ಲಿ ಅವಳೇ ಹೇಳುತ್ತಾಳೆ.