ಒಳಗೆ ಖಾರ ತುಂಬಿದ ಬಿಸ್ಕೆಟ್ ಮಾರನೇ ದಿನಕ್ಕೇ ಮೆತ್ತಗಾಗುತ್ತೆ, ಏನು ಮಾಡಲಿ?

ಕೌಲ್‌ಬಜಾರ್ ಸೊಸೆ:
ಎಲ್ಲರಿಗೂ ನಮಸ್ಕಾರ, ಬಳ್ಳಾರಿಯಿಂದ ಬರೀತಿದ್ದೀನಿ. ನಮ್ಮ ಮನೆಯಲ್ಲಿ ಬೇಕರಿ ಖಾರಾ ಬಿಸ್ಕೆಟ್ ಅಂದರೆ ಎಲ್ಲರಿಗೂ ಪ್ರಾಣ. ಅದರೊಳಗೆ ಹೂರಣದ ಥರ ಖಾರ ತುಂಬಿದರೆ ಹೇಗೆ ಅಂತ ತಲೆಗೆ ಬಂತು. ಹೋದ ವಾರ ನಾದಿನಿ ಮನೆಯವರು, ಚಿಕ್ಕಪ್ಪನ ಮಕ್ಕಳು ಎಲ್ಲ ಸೇರಿ 14 ಜನ ಬರೋರಿದ್ದರು, ಹಿಂದಿನ ರಾತ್ರಿಯೇ ಮಾಡಿಟ್ಟೆ. 250 ಗ್ರಾಂ ಮೈದಾ, 110 ಗ್ರಾಂ ಬೆಣ್ಣೆ, ಉಪ್ಪು, ಓಂಕಾಳು, ಚಿಟಿಕೆ ಬೇಕಿಂಗ್ ಪೌಡರ್. ಒಳಗೆ ಆಲೂಗಡ್ಡೆ ಈರುಳ್ಳಿ ಪಲ್ಯ. ಓವನ್‌ನಿಂದ ತೆಗೆದಾಗ ಎಷ್ಟು ಚೆನ್ನಾಗಿತ್ತು ಅಂದರೆ ನಮ್ಮ ಯಜಮಾನರು ನಿಂತಲ್ಲೇ ನಾಲ್ಕು ತಿಂದರು. ಬೆಳಗ್ಗೆ ಡಬ್ಬಿ ತೆಗೆದರೆ ಮುಚ್ಚಳದ ಒಳಗೆಲ್ಲ ನೀರಿನ ಹನಿ, ಬಿಸ್ಕೆಟ್ ತಳ ನೆಂದು ಬನ್ ಆಗಿದೆ, ಅರ್ಧಕ್ಕರ್ಧ ಬಾಯಿ ಬಿಟ್ಟಿವೆ. ಅತ್ತೆ ಒಂದು ತಿಂದು "ಬೋಂಡಾನಾ ಇದು? ಹೊಸ ಥರ ಇದೆ" ಅಂದರು. ಅಷ್ಟೇ ಸಾಕಿತ್ತು.

ಮುಂದಿನ ತಿಂಗಳು ಹಂಪಿ ಎಕ್ಸ್‌ಪ್ರೆಸ್‌ಗೆ ಬೆಂಗಳೂರಿನ ಅಕ್ಕನ ಮನೆಗೆ ಹೋಗ್ತಿದ್ದೀವಿ. ನಾಲ್ಕೈದು ದಿನ ಗರಿಗರಿ ಇರೋ ಹಾಗೆ ಮಾಡೋದು ಹೇಗೆ? ಇನ್ನೊಂದು, ಈ ಬಿಸಿಲಿಗೆ ಹಿಟ್ಟು ಲಟ್ಟಿಸೋಕೇ ಆಗಲ್ಲ, ಎಣ್ಣೆ ಬಿಟ್ಟುಕೊಂಡು ಲಟ್ಟಣಿಗೆಗೆ ಮೆತ್ತುತ್ತೆ.

ರಾಯಚೂರು ಬಿಸಿಲಕ್ಕ:
ತಂಗಿ, ತಪ್ಪು ಬಿಸ್ಕೆಟ್‌ದಲ್ಲ, ಪಲ್ಯದ್ದು. ಆಲೂಗಡ್ಡೆ, ಈರುಳ್ಳಿ ಎರಡರಲ್ಲೂ ನೀರು ಇದೆ. ನೀನು ಎಷ್ಟೇ ಹುರಿದರೂ ರಾತ್ರಿಯೆಲ್ಲ ಆ ನೀರು ಮೆಲ್ಲಗೆ ಹೊರಗಿನ ಪದರಕ್ಕೆ ಇಳಿಯುತ್ತೆ. ಮೆತ್ತಗಾಗೋದಿರಲಿ, ನಮ್ಮ ಕಡೆ ಬೇಸಿಗೆಯಲ್ಲಿ ಅಂಥ ಪಲ್ಯ ಒಂದು ದಿನಕ್ಕೇ ಹಳಸುತ್ತೆ. ಟ್ರೇನ್‌ಗಂತೂ ಬೇಡವೇ ಬೇಡ.

ನಾನು ತುಂಬೋದು ಶೇಂಗಾ. ಹುರಿದು ಸಿಪ್ಪೆ ತೆಗೆದ ಶೇಂಗಾ ಒಂದು ಕಪ್, ತರಿತರಿ ಪುಡಿ ಮಾಡು. ಅರ್ಧ ಕಪ್ ಪುಟಾಣಿ ಹಿಟ್ಟು, ಎರಡು ಚಮಚ ಹುರಿದ ಗುರೆಳ್ಳು ಪುಡಿ, ಬ್ಯಾಡಗಿ ಖಾರ, ಗರಿಗರಿ ಹುರಿದ ಬೆಳ್ಳುಳ್ಳಿ ಕರಿಬೇವು, ಉಪ್ಪು. ಆದರೆ ಬರೀ ಪುಡಿ ತುಂಬಿದರೆ ಕಚ್ಚಿದ ಕೂಡಲೇ ಎದೆ ಮೇಲೆಲ್ಲ ಉದುರುತ್ತೆ, ನಮ್ಮ ಮನೆಯವರ ಬಿಳಿ ಅಂಗಿ ಒಂದು ಹಾಳಾಗಿದೆ. ಅದಕ್ಕೆ ಹುಣಸೆಹಣ್ಣು, ಬೆಲ್ಲ ಸೇರಿಸಿ ಜೇನಿನಷ್ಟು ಗಟ್ಟಿ ಕುದಿಸಿ, ಅದರಲ್ಲಿ ಒಂದೇ ಚಮಚ, ಜೊತೆಗೆ ಎರಡು ಚಮಚ ಎಣ್ಣೆ ಹಾಕಿ ಕಲಸು. ಅಂಗಡಿಯಲ್ಲಿ ಸಿಗೋ ಸಣ್ಣ ಒಣ ಕಚೋರಿ ಒಳಗೆ ಇರುತ್ತಲ್ಲ, ಹಾಗೆ. ಮುಷ್ಟಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಅಂಟಿದರೆ ಹುಳಿ ಜಾಸ್ತಿ ಆಯ್ತು ಅಂತ ಅರ್ಥ, ಪುಟಾಣಿ ಹಿಟ್ಟು ಸೇರಿಸು.

ಹಳೇ ಬೇಕರಿಯವ, ಗಂಗಾವತಿ:
ಅಕ್ಕಾರು ಹೇಳಿದ್ದು ಸರಿ. ಆದರೆ ಹಿಟ್ಟಿನದ್ದೂ ತಪ್ಪಿದೆ ನೋಡಮ್ಮ. ಬೆಣ್ಣೆ ಅಂದರೆ ಪೂರ್ತಿ ಕೊಬ್ಬಲ್ಲ, ಅಂಗಡಿ ಬೆಣ್ಣೆ 100 ಗ್ರಾಂನಲ್ಲಿ ಸುಮಾರು 16 ಗ್ರಾಂ ನೀರೇ ಇರುತ್ತೆ. ಅದೂ ಅಲ್ಲದೆ ನಮ್ಮ ಸೆಖೆಗೆ ಕೈಯಲ್ಲೇ ಕರಗುತ್ತೆ. ನಾನಾಗಿದ್ದರೆ 60 ಗ್ರಾಂ ಡಾಲ್ಡಾ, 50 ಗ್ರಾಂ ಬೆಣ್ಣೆ ಹಾಕ್ತಿದ್ದೆ. ರುಚಿಗೆ ಬೆಣ್ಣೆ, ಗರಿಗೆ ಡಾಲ್ಡಾ. ಉಪ್ಪಿನ ಬೆಣ್ಣೆಯಾದರೆ ಉಪ್ಪು ಕಡಿಮೆ ಮಾಡಿ. ಫ್ರಿಜ್ ನೀರು ನಾಲ್ಕೈದು ಚಮಚ ಸಾಕು, ಚಪಾತಿ ಹಿಟ್ಟಿನ ಹಾಗೆ ನಾದಬೇಡಿ, ಸುಮ್ನೆ ಒತ್ತಿ ಸೇರಿಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬೆಳಗ್ಗೆ ಆರರ ಒಳಗೆ ಲಟ್ಟಿಸಿಬಿಡಿ.

ಬಾಯಿ ಬಿಡೋದು ಯಾಕೆ ಗೊತ್ತಾ? ಒಳಗಿನ ಹಬೆಗೆ ದಾರಿ ಇಲ್ಲ. ಪೂರಿಗಿಂತ ಸ್ವಲ್ಪ ದಪ್ಪ ಲಟ್ಟಿಸಿ, ಲೋಟದಲ್ಲಿ ಕತ್ತರಿಸಿ, ಒಂದು ಚಮಚ ಹೂರಣ ಇಟ್ಟು, ಅಂಚಿನ ಒಣ ಹಿಟ್ಟು ಒರೆಸಿ ನೀರು ಸವರಿ ಮುಚ್ಚಿ. ಮೇಲೆ ಫೋರ್ಕ್‌ನಲ್ಲಿ ಎರಡು ಕಡೆ ಚುಚ್ಚಿ. 180 ಡಿಗ್ರಿಯಲ್ಲಿ 10 ನಿಮಿಷ, ಆಮೇಲೆ 160ಕ್ಕೆ ಇಳಿಸಿ 15ರಿಂದ 20 ನಿಮಿಷ. ಇಲ್ಲಿದೆ ಗುಟ್ಟು: ಆರಿಸಿದ ಓವನ್‌ನ ಬಾಗಿಲು ಸ್ವಲ್ಪ ತೆರೆದು ಒಳಗೇ ಇನ್ನೂ 10 ನಿಮಿಷ ಬಿಡಿ. ನಮ್ಮ ಸೌದೆ ಭಟ್ಟಿ ಕಾಲದಲ್ಲಿ ಬ್ರೆಡ್ ತೆಗೆದ ಮೇಲೆ ಕಾವು ಇಳಿಯೋ ಹೊತ್ತಿಗೇ ಬಿಸ್ಕೆಟ್ ಹಾಕ್ತಿದ್ದೆವು. ಹಬ್ಬ ಬಂತೆಂದರೆ ಜನ ಮೈದಾ, ಡಾಲ್ಡಾ, ಸಕ್ಕರೆ ತಾವೇ ತಂದು, ಕೂಲಿ ಕೊಟ್ಟು ಡಬ್ಬಿಗಟ್ಟಲೆ ಮಾಡಿಸಿಕೊಂಡು ಹೋಗ್ತಿದ್ದರು, ಬೀದಿ ತುದಿಗೇ ವಾಸನೆ ಬರ್ತಿತ್ತು. ಇರಲಿ. ತೆಗೆದ ಮೇಲೆ ತಟ್ಟೆಯಲ್ಲಿ ಆರಿಸಬೇಡಿ, ಹಿಟ್ಟಿನ ಜರಡಿ ಬೋರಲು ಹಾಕಿ ಅದರ ಮೇಲಿಡಿ, ತಳಕ್ಕೂ ಗಾಳಿ ಆಡಲಿ. ನಿಮ್ಮ ಡಬ್ಬಿ ಮುಚ್ಚಳದ ಹನಿ ಹೇಳುತ್ತೆ, ಬಿಸಿ ಇರುವಾಗಲೇ ತುಂಬಿದ್ದೀರಿ.

ಕೊಪ್ಪಳ ರೂಮ್ ನಂ. 9:
ಓವನ್ ಇಲ್ಲದವರ ಗತಿ ಏನು ಅಣ್ಣಾ 😀 ನಾವು ರೂಮಲ್ಲಿ ಕುಕ್ಕರ್‌ನಲ್ಲಿ ಮಾಡ್ತೀವಿ. ತಳಕ್ಕೆ ಒಂದು ಕಪ್ ಉಪ್ಪು, ಮೇಲೆ ಸ್ಟ್ಯಾಂಡ್, ಗ್ಯಾಸ್ಕೆಟ್ ಸೀಟಿ ಎರಡೂ ತೆಗೆದು 10 ನಿಮಿಷ ಕಾಯಿಸಿ, ಆಮೇಲೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ ಅರ್ಧ ಗಂಟೆ. ತಳ ಬೇಗ ಕೆಂಪಾಗುತ್ತೆ, ಮಧ್ಯೆ ಒಮ್ಮೆ ತಿರುಗಿಸಿ. ಗವಿಮಠದ ಜಾತ್ರೆ ದಾಸೋಹದಲ್ಲಿ ಮಿರ್ಚಿ ತಿಂದು ಬಂದ ಜೋಶ್‌ನಲ್ಲಿ ಒಂದು ಸಲ ಹಸಿಮೆಣಸಿನಕಾಯಿ ತುಂಬಿದ್ದೆವು. ಆ ಕಥೆ ಬೇಡ. ಮೈದಾ ಬದಲು ಜೋಳದ ಹಿಟ್ಟು ಹಾಕಬಹುದಾ?

ರಾಯಚೂರು ಬಿಸಿಲಕ್ಕ:
ಪೂರ್ತಿ ಜೋಳ ಆಗಲ್ಲ ತಮ್ಮಾ, ಅದಕ್ಕೆ ಮೈದಾದ ಜಿಗುಟಿಲ್ಲ, ಮಡಚುವಾಗಲೇ ಸೀಳುತ್ತೆ. ಕಾಲು ಭಾಗ ಹಾಕು, ಗರಿ ಇನ್ನೂ ಚೆನ್ನಾಗಿ ಬರುತ್ತೆ.

ಕೌಲ್‌ಬಜಾರ್ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಐದೂವರೆಗೆ ಎದ್ದು ಮಾಡಿದೆ. ಕಾಲು ಭಾಗ ಜೋಳ, ಬಿಸಿಲಕ್ಕನ ಶೇಂಗಾ ಹೂರಣ. ಲೋಟ ಬಿಟ್ಟು ಕರ್ಜಿಕಾಯಿ ಅಚ್ಚಿನಲ್ಲೇ ಒತ್ತಿದೆ, ಅಂಚು ತಾನೇ ಮುಚ್ಚಿಕೊಳ್ಳುತ್ತೆ. 26 ಆದವು. ಚುಚ್ಚೋದು ಮರೆತ ಎರಡು ಮಾತ್ರ ಬಾಯಿ ಬಿಟ್ಟವು, ಪಾಠ ಆಯ್ತು. ಇವತ್ತು ಬುಧವಾರ, ಈಗಷ್ಟೇ ಒಂದು ಮುರಿದೆ, ಟಕ್ ಅಂತು. ಅತ್ತೆ ಏನೂ ಹೇಳಲಿಲ್ಲ, ಆದರೆ ಡಬ್ಬಿ ಅಡುಗೆಮನೆಯಿಂದ ಅವರ ಮಂಚದ ಪಕ್ಕಕ್ಕೆ ಹೋಗಿದೆ. ಎಷ್ಟು ದಿನ ಇಡಬಹುದು ಇದನ್ನ?

ಹಳೇ ಬೇಕರಿಯವ, ಗಂಗಾವತಿ:
ಗಾಳಿ ಆಡದ ಡಬ್ಬಿಯಲ್ಲಿ 10, 12 ದಿನ. ಅದಕ್ಕೂ ಮೇಲೆ ಶೇಂಗಾ ಕಮಟು ವಾಸನೆ ಬರುತ್ತೆ. ಮೆತ್ತಗಾದರೆ 150 ಡಿಗ್ರಿಯಲ್ಲಿ ಐದು ನಿಮಿಷ ಇಡಿ. ನಿಮ್ಮ ಮನೆಯಲ್ಲಿ ಅಷ್ಟು ದಿನ ಉಳಿಯೋ ಹಾಗೆ ಕಾಣಲ್ಲ, ಟ್ರೇನ್‌ಗೆ ಬೇರೆ ಮಾಡಿ ಬಚ್ಚಿಡಿ.